ಕಾಶಮ್ಮನ ಪಾಲಿನ ಮಾತ್ರೆ

ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯವರು ಎಂದೋ ಕಟ್ಟಿಸಿದ ಸಾಲುಮನೆಗಳ ಒಂದು ಬೀದಿ. ಆ ಬೀದಿಯಲ್ಲಿ ಕಾದ ಎಣ್ಣೆಯಿಂದ ಹಪ್ಪಳವನ್ನು ಬೆರಳಲ್ಲೇ ಎತ್ತುವವಳು ಕಾಶಮ್ಮ ಒಬ್ಬಳೇ. ಜಾಲರಿ ಸೌಟು ಪಕ್ಕದಲ್ಲೇ ಇರುತ್ತಿತ್ತು, ಅವಳು ಮುಟ್ಟುತ್ತಿರಲಿಲ್ಲ. ಹಪ್ಪಳ ಉಬ್ಬಿ ಅಂಚು ಮೇಲಕ್ಕೆದ್ದ ಕೂಡಲೇ ಚಿಟಿಕೆಯಲ್ಲಿ ಹಿಡಿದು ಬುಟ್ಟಿಗೆ ಹಾಕುವಳು. ರೊಟ್ಟಿಯನ್ನೂ ಹಾಗೆಯೇ, ಉರಿಯ ಮೇಲೆ ಬರಿಗೈಯಲ್ಲಿ ತಿರುವುವಳು. "ಕಾಶಮ್ಮನ ಕೈಗೆ ಬೆಂಕಿ ಸೋತದೆ" ಎಂದು ಬೀದಿಯ ಹೆಂಗಸರು ಬಂದ ನೆಂಟರಿಗೆಲ್ಲ ತೋರಿಸುವರು. ಐದು ವರ್ಷದ ಹಿಂದೆ ಹಾಗಿರಲಿಲ್ಲ. ಒಲೆಯ ಮುಂದೆ ಕೂತು ಕೂತು ಕೈ ಪಳಗಿದೆ ಎಂದು ಕಾಶಮ್ಮನೂ ತಿಳಿದಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಆ ಬೀದಿಯ ಏಳೆಂಟು ಮನೆಯ ಹೆಂಗಸರು ಒಟ್ಟಾಗಿ ಹಪ್ಪಳಕ್ಕೆ ಕೂರುವುದು ರೂಢಿ. ಇವತ್ತು ಒಬ್ಬರ ಮನೆಯದು, ನಾಳೆ ಇನ್ನೊಬ್ಬರದು. ತಾರಸಿ ಮಾತ್ರ ಉಮಾಮಹೇಶ್ವರಿಯದೇ, ಅದೇ ದೊಡ್ಡದು. ಲಟ್ಟಿಸುವವರು ಎಷ್ಟು ಜನ ಇದ್ದರೂ ಹಿಟ್ಟಿನ ಹದ ನೋಡುವ ಕೈ ಒಂದೇ ಇರಬೇಕು. ಆ ಕೈ ಯಾರದೋ ಅವರು ಹೇಳಿದ ಹಾಗೆ ಉಳಿದವರು ಕೇಳಬೇಕು. ಹನ್ನೊಂದು ವರ್ಷದಿಂದ ಅದು ಕಾಶಮ್ಮನ ಕೈ. ಗಂಡ ಶಿವಮೂರ್ತಪ್ಪ ತೀರಿಕೊಂಡ ವರ್ಷ, ಮೂಲೆಯಲ್ಲಿ ಕೂತಿದ್ದವಳನ್ನು ರಟ್ಟೆ ಹಿಡಿದೆಬ್ಬಿಸಿ ತಂದು ಹಿಟ್ಟಿನ ಮುಂದೆ ಕೂರಿಸಿದವಳು ಎದುರುಮನೆಯ ಈ ಉಮಾಮಹೇಶ್ವರಿಯೇ. ಮನೆಬಳಕೆಗೆ ಮಿಕ್ಕಿದ್ದು ಶಿವಮೊಗ್ಗಕ್ಕೆ ಹೋಗುತ್ತಿತ್ತು. ಕಾಶಮ್ಮನ ಮಗ ಜ್ಞಾನೇಶನ ಪೂಜಾಸಾಮಾನಿನ ಅಂಗಡಿ ಅಲ್ಲಿಯ ಕೋಟೆ ಪ್ರದೇಶದಲ್ಲಿತ್ತು. ಅಲ್ಲಿ ಊದುಬತ್ತಿ, ವಿಭೂತಿಗಟ್ಟಿಯ ಪಕ್ಕದಲ್ಲಿ ‘ಕಾಶಮ್ಮನ ಹಪ್ಪಳ’ ಎಂಬ ಚೀಟಿ ಹಚ್ಚಿದ ಕಟ್ಟುಗಳು ಮಾರಾಟವಾಗುತ್ತಿದ್ದವು.

ಆ ಫೆಬ್ರವರಿಯಲ್ಲಿ ಸುಮನಾ ಬಂದಳು. ಶಿವಮೊಗ್ಗದ ಗೋಪಾಳ ಬಡಾವಣೆಯ ಹುಡುಗಿ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಸಮಾಜಕಾರ್ಯದ ಎಂ.ಎಸ್‌.ಡಬ್ಲ್ಯೂ. ಓದಿ, ಶಿವಮೊಗ್ಗದ ಒಂದು ಸೇವಾಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಚರ್ಮದ ಮೇಲಿನ ಮಚ್ಚೆ ಹುಡುಕುತ್ತಾ ಮನೆಮನೆ ತಿರುಗುವುದು, ವರ್ಷಕ್ಕೊಮ್ಮೆ ಕಾಂಟ್ರಾಕ್ಟ್ ಕಾಗದಕ್ಕೆ ಸಹಿ ಹಾಕುವುದು. ಅವಳು ಬಂದಾಗ ಕಾಶಮ್ಮ ರೊಟ್ಟಿ ಸುಡುತ್ತಿದ್ದಳು. ಬೀದಿಯವರೆಲ್ಲ ಮೆಚ್ಚಿದ ಆ ಕೈಯನ್ನು ಕಂಡು ಹೆದರಿದವಳು ಸುಮನಾ ಒಬ್ಬಳೇ.

"ಒಲೆ ಆರಿಸಿ ಸ್ವಲ್ಪ ಇಲ್ಲಿ ಕೂತ್ಕೊಳ್ಳಿ ಅಮ್ಮಾ. ಕಣ್ಣು ಮುಚ್ಚಿ. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರಿಸಬೇಕು."

"ಇದೇನು ಮಕ್ಕಳಾಟ," ಎಂದು ನಗುತ್ತಾ ಕಾಶಮ್ಮ ಕಣ್ಣು ಮುಚ್ಚಿದಳು.

ಸುಮನಾ ಪೆನ್ನಿನ ತುದಿಯಿಂದ ಭುಜ ಮುಟ್ಟಿದಳು. ಕಾಶಮ್ಮ ತೋರಿಸಿದಳು. ಕೆನ್ನೆ ಮುಟ್ಟಿದಳು. ತೋರಿಸಿದಳು. ಮುಂಗೈಯ ಮೇಲೆ ಬಿಳಿಚಿಕೊಂಡ ಅಗಲವಾದ ಮಚ್ಚೆಯೊಂದಿತ್ತು. ಅದರ ನಡುವೆ ಮುಟ್ಟಿದಳು. ಕಾಶಮ್ಮ ಕಾಯುತ್ತಾ ಕೂತಿದ್ದಳು. ಕಿರುಬೆರಳು ಮುಟ್ಟಿದಳು, ಒತ್ತಿದಳು. ಕಾಶಮ್ಮ ಕಾಯುತ್ತಲೇ ಇದ್ದಳು.

"ಹೂಂ, ಮುಟ್ಟಿ ಮತ್ತೆ," ಎಂದಳು.

ಆಮೇಲೆ ಶಿವಮೊಗ್ಗದಲ್ಲಿ ಡಾಕ್ಟರು ನೋಡಿದರು. ಮೊಣಕೈ ಹಿಂದಿನ ನರ ದಪ್ಪಗಾಗಿತ್ತು. ಕುಷ್ಠವೇ, ಅನುಮಾನವಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸುಮನಾ ಆ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಕಾಶಮ್ಮ ಸೆರಗಿನೊಳಗೆ ಕೈ ಎಳೆದುಕೊಂಡಳು.

"ದೊಡ್ಡ ರೋಗ ಅಂತಾರಲ್ಲ, ಅದಾ?"

"ಈಗ ಅದು ದೊಡ್ಡದಲ್ಲ. ಹನ್ನೆರಡು ತಿಂಗಳು ಮಾತ್ರೆ. ಮಾತ್ರೆ ಶುರುವಾದ ಮೇಲೆ ನಿಮ್ಮಿಂದ ಯಾರಿಗೂ ಹರಡಲ್ಲ. ಅಡುಗೆಯಿಂದ, ಊಟದಿಂದ ಅಂತೂ ಯಾವತ್ತೂ ಹರಡಲ್ಲ."

"ಎಷ್ಟಾಗ್ತದೆ?"

"ಒಂದು ಪೈಸೆ ಇಲ್ಲ. ಹೊರದೇಶದಿಂದ ದಾನವಾಗಿ ಬರ್ತದೆ."

"ನಮ್ಮ ಮನೇಲಿ ದಾನ ಕೊಟ್ಟು ಅಭ್ಯಾಸ, ತಗೊಂಡಲ್ಲ," ಎಂದಳು. ಆಮೇಲೆ, "ನೋಡವ್ವ, ಮಾತ್ರೆ ತಗೋತೀನಿ. ಆದರೆ ಬೀದೀಲಿ ಗೊತ್ತಾಗಬಾರದು. ಹಿಟ್ಟಿಗೆ ಕೈ ಹಾಕೋಳು ನಾನು. ಗೊತ್ತಾದರೆ ಎಬ್ಬಿಸ್ತಾರೆ. ಆ ಜಾಗದಿಂದ ಎಬ್ಬಿಸಿದರೆ ನನಗೆ ಇನ್ನೊಂದು ಜಾಗ ಇಲ್ಲ."

"ಯಾರಿಗೂ ಗೊತ್ತಾಗಲ್ಲ. ನಾನಿದ್ದೀನಲ್ಲ," ಎಂದಳು ಸುಮನಾ. ಅವಳಿಗೆ ಇಪ್ಪತ್ತಾರು ವರ್ಷ. ಹಾಗೆಂದು ಅದುವರೆಗೆ ಹದಿನಾಲ್ಕು ಜನರಿಗೆ ಹೇಳಿದ್ದಳು, ಹದಿನಾಲ್ಕು ಗುಟ್ಟೂ ಉಳಿದಿದ್ದವು.

ಮಾತ್ರೆ ಬರಲಿಲ್ಲ. ವಾರದ ಮೇಲೆ ವಾರ ಸುಮನಾ ಕೇಳಿದಳು. ಸಂಸ್ಥೆಯ ಕಚೇರಿಯಲ್ಲಿ ಅವಳ ಮೇಲಿದ್ದವನು ಸುದರ್ಶನ. ಕೆಟ್ಟವನಲ್ಲ. ಮಧ್ಯಾಹ್ನದ ಡಬ್ಬಿಯನ್ನು ಎಲ್ಲರಿಗೂ ಹಂಚಿ ತಿನ್ನುವವನು.

"ಹಡಗಿನಿಂದ ಇಳಿದಿದೆಯಂತೆ. ಆಮೇಲೆ ಎಲ್ಲಿ ಕೂತಿದೆ ಅಂತ ಯಾರಿಗೂ ಗೊತ್ತಿಲ್ಲ," ಎಂದ. "ಯಾರ ಜೊತೆ ಜಗಳ ಆಡ್ತೀರಿ? ದುಡ್ಡು ಕೊಟ್ಟಿದ್ದರೆ ಬಿಲ್ ಹಿಡಕೊಂಡು ಕೇಳಬಹುದಿತ್ತು. ದಾನದ ಸಾಮಾನು ಎಲ್ಲಿ ಅಂತ ಯಾವ ಬಾಯಲ್ಲಿ ಕೇಳೋದು?"

"ರೋಗ ನಿಲ್ಲಲ್ಲ ಸರ್. ಕಿರುಬೆರಳು ಆಗಲೇ ಬಾಗ್ತಿದೆ."

"ಗೊತ್ತು. ಅದಿರಲಿ. ಇದು ನೋಡಿ." ಮೇಜಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಅದರಲ್ಲಿ ಬೇರೆ ಮಾತ್ರೆ, ಕೆಂಪು ಕ್ಯಾಪ್ಸೂಲು. ರೋಗಿಯ ಅಕ್ಕಪಕ್ಕದವರಿಗೆ, ರೋಗ ಬಾರದಂತೆ ಒಂದೇ ಸಲ ನುಂಗಿಸುವಂಥದು. ಅದೂ ದಾನವೇ. ಅದು ಮಾತ್ರ ಬಂದು ತಲುಪಿತ್ತು, ಏಪ್ರಿಲ್ ಮೂವತ್ತಕ್ಕೆ ಅದರ ತಾರೀಖು ಮುಗಿಯುತ್ತಿತ್ತು. "ನಿಮ್ಮ ಕಾಶಮ್ಮನ ಸುತ್ತ ಇಪ್ಪತ್ತಮೂರು ಜನ ಬರ್ತಾರೆ. ಕೊಟ್ಟು ಮುಗಿಸಿ."

"ಮೊದಲು ರೋಗಿಗೆ, ಆಮೇಲೆ ನೆರೆಯವರಿಗೆ ಅಲ್ವಾ ಸರ್?"

"ಅದು ಪುಸ್ತಕದಲ್ಲಿ. ದಾನ ಬಂದಿದ್ದು ಗುಂಡಿಗೆ ಹೋಯ್ತು ಅಂದರೆ ಮುಂದಿನ ವರ್ಷದ ಪ್ರಾಜೆಕ್ಟೂ ಅದೇ ಗುಂಡಿಗೆ. ನಿಮ್ಮ ಕಾಂಟ್ರಾಕ್ಟೂ, ನನ್ನದೂ." ಸುದರ್ಶನ ವರದಿಯ ನಮೂನೆ ಮುಂದಿಟ್ಟ. "ಮೌಲ್ಯ ಅಂತ ಒಂದು ಕಲಂ ಇದೆ, ಪುಕ್ಕಟೆ ಅಂತ ಸೊನ್ನೆ ಬರೀಬೇಡಿ ಮಾರಾಯ್ತಿ. ಹೋದ ಸಲ ಯಾರೋ ಬರೆದು ನನಗೆ ಬೈಸಿದರು. ಕೊಟ್ಟವರು ಹೇಳಿದ ರೇಟು ಹಾಕಿ."

ಆ ಸಂಜೆ ಸುಮನಾ ಕೋಟೆಗೆ ಹೋಗಿ ಜ್ಞಾನೇಶನನ್ನು ಕಂಡಳು. ತಾಯಿ ಮಗನಿಗೊಬ್ಬನಿಗೆ ಹೇಳಿದ್ದಳು. ಅವನು ಅಂಗಡಿಗೆ ಅರ್ಧ ಬಾಗಿಲು ಎಳೆದು ಜೊತೆಗೆ ಹೊರಟ. ಗಾಂಧಿ ಬಜಾರಿನಿಂದ ದುರ್ಗಿಗುಡಿಯವರೆಗೆ ಔಷಧಿ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದರು. ಆ ರೋಗಕ್ಕೆ ಮೂರು ಔಷಧಿ ಕೂಡಿಸಿ ಕೊಡಬೇಕು. ಎರಡು ಸಿಕ್ಕವು. ಮೂರನೆಯದು ಎಲ್ಲೂ ಇಲ್ಲ.

"ರೇಟ್ ಹೇಳಿ ಸ್ವಾಮಿ, ತರಿಸಿಕೊಡಿ. ಎಷ್ಟಾದರೂ ಆಗಲಿ," ಎಂದ ಜ್ಞಾನೇಶ ಕೊನೆಯ ಅಂಗಡಿಯಲ್ಲಿ.

ಅಂಗಡಿಯವನು ವಯಸ್ಸಾದವನು. ಚೀಟಿಯನ್ನು ದೂರ ಹಿಡಿದು ಓದಿ ವಾಪಸು ಕೊಟ್ಟ. "ಇದಕ್ಕೆ ರೇಟೇ ಇಲ್ಲ. ದಾನದ ಮಾತ್ರೆ ಇದು, ಅಂಗಡಿಗೆ ಬರೋದೇ ಇಲ್ಲ. ಪುಕ್ಕಟೆ ಸಿಗೋದನ್ನ ಯಾರು ಕೊಳ್ತಾರೆ ಅಂತ ನಾವೂ ತರಿಸಲ್ಲ, ಮಾಡೋರೂ ಮಾರಲ್ಲ."

"ಪುಕ್ಕಟೆಯೂ ಸಿಗ್ತಿಲ್ಲವಲ್ಲ."

"ಹಾಗಾದರೆ ಕಾಯಬೇಕು," ಎಂದು ಅಂಗಡಿಯವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಮೆಟ್ಟಿಲಿಳಿದ ಮೇಲೆ ಜ್ಞಾನೇಶ ಕೇಳಿದ: "ಮೇಡಂ, ಬೀದಿಯವರಿಗೆಲ್ಲ ಮಾತ್ರೆ ಕೊಟ್ಟು ನಮ್ಮಮ್ಮನಿಗೆ ಕೊಡದೇ ಹೋದರೆ ಯಾರು ಅಂತ ತಿಳೀದೇ ಇರ್ತದಾ? ಅವರೇನು ಹಸು ತಿನ್ನೋ ಹುಲ್ಲು ತಿಂತಾರಾ?"

ಸುಮನಾ ಅದನ್ನು ಆಗಲೇ ಯೋಚಿಸಿದ್ದಳು. ಕಾಶಮ್ಮನಿಗೂ ಅದೇ ಕೆಂಪು ಕ್ಯಾಪ್ಸೂಲು ಕೊಡುವಂತಿರಲಿಲ್ಲ. ಅದು ಆ ಮೂರು ಔಷಧಿಯಲ್ಲೊಂದು, ರೋಗ ಇರುವವರಿಗೆ ಅದೊಂದನ್ನೇ ಕೊಟ್ಟರೆ ರೋಗಾಣು ಆ ಔಷಧಿಗೆ ಬಗ್ಗದಂತಾಗುತ್ತದೆ, ಆಮೇಲೆ ಅಸಲು ಮಾತ್ರೆ ಬಂದರೂ ನಾಟುವುದಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಗೋಪಾಳದ ಮೆಡಿಕಲ್ ಶಾಪಿನಲ್ಲಿ ಹತ್ತು ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲು ಕೊಂಡಳು. ಅದೂ ಕೆಂಪಗೇ ಇತ್ತು, ಅದೇ ಗಾತ್ರ. ಎರಡನ್ನು ಬಿಡಿಸಿ ಪರ್ಸಿನ ಚಿಕ್ಕ ಜೇಬಿನಲ್ಲಿಟ್ಟುಕೊಂಡಳು. ತನ್ನ ಜಾಣತನಕ್ಕೆ ತಾನೇ ಸ್ವಲ್ಪ ಹಿಗ್ಗಿದಳು ಕೂಡ.

ಹಪ್ಪಳದ ದಿನವನ್ನೇ ಆರಿಸಿಕೊಂಡಳು, ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು. ಉಮಾಮಹೇಶ್ವರಿಯ ತಾರಸಿಯ ನೆರಳಿನ ಭಾಗದಲ್ಲಿ ಚಾಪೆಗಳು, ಅವುಗಳ ನಡುವೆ ಹಿಟ್ಟಿನ ಪರಾತದ ಮುಂದೆ ಕಾಶಮ್ಮ. ಬಿಸಿಲಲ್ಲಿ ಹಳೇ ಪಂಚೆಗಳ ಮೇಲೆ ಸಾಲು ಸಾಲು ಹಪ್ಪಳ. ಸುಮನಾ ವಿಷಯ ಹೇಳಿದಳು. ಈ ಕಡೆ ಒಂದು ಕೇಸು ಇದೆ, ಹೆದರುವಂಥದ್ದೇನಿಲ್ಲ, ಮುನ್ನೆಚ್ಚರಿಕೆಗೆ ಒಂದೇ ಸಲ ನುಂಗುವ ಮಾತ್ರೆ.

ಲಟ್ಟಣಿಗೆಗಳು ನಿಂತವು.

"ಕೇಸು ಅಂದರೆ ಯಾರು?" ಎಂದಳು ಉಮಾಮಹೇಶ್ವರಿ.

"ಹೇಳೋ ಹಾಗಿಲ್ಲ."

"ಹಿಂದಿನ ಬೀದಿಗೂ ಕೊಡ್ತೀರೇನು?"

"ಇಲ್ಲ, ಸದ್ಯ ಇಲ್ಲಿಗೆ."

"ಹಾಗಾದರೆ ನಮ್ಮ ಬೀದೀಲೇ ಅನ್ನಿ." ಉಮಾಮಹೇಶ್ವರಿ ಸುತ್ತ ಒಮ್ಮೆ ನೋಡಿದಳು. "ನಾನಂತೂ ಗೊತ್ತಿಲ್ಲದ ಮಾತ್ರೆ ನುಂಗಲ್ಲಮ್ಮ. ನೀವು ಮೊದಲು ನುಂಗಿ, ನೋಡೋಣ."

ಇದು ಎಲ್ಲ ಕಡೆಯೂ ಕೇಳುವ ಮಾತು, ಸುಮನಾಗೆ ರೂಢಿಯಾಗಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆ ಎರಡು ಕ್ಯಾಪ್ಸೂಲು ಬಾಯಿಗೆ ಹಾಕಿಕೊಂಡು, ನೀರು ಬರುವ ಮೊದಲೇ ನುಂಗಿದಳು. ರೆಪ್ಪೆ ಕೂಡ ಅಲುಗಲಿಲ್ಲ. ಹೆಂಗಸರು ನಕ್ಕರು. ಒಬ್ಬೊಬ್ಬರಾಗಿ ಕೈ ಚಾಚಿದರು. ಕಾಶಮ್ಮನ ಸರದಿ ಬಂದಾಗ ಸುಮನಾ ಪರ್ಸಿನ ಚಿಕ್ಕ ಜೇಬಿಗೆ ಕೈ ಹಾಕಿದಳು. ಕಾಶಮ್ಮನಿಗೆ ಹಿಂದಿನ ದಿನ ಇಷ್ಟೇ ಹೇಳಿದ್ದಳು: "ನಿಮಗೂ ಕೊಡ್ತೀನಿ, ಸುಮ್ಮನೆ ನುಂಗಿ." ಕಾಶಮ್ಮ ಹಿಟ್ಟಿನ ಕೈಯನ್ನು ಒರೆಸಿಕೊಂಡು ಎಡಗೈಯಲ್ಲಿ ತೆಗೆದುಕೊಂಡು ನುಂಗಿದಳು.

"ಇನ್ನೊಂದು ಮಾತು," ಎಂದಳು ಸುಮನಾ. ಇದನ್ನು ಹೇಳಲೇಬೇಕೆಂದು ನಿಯಮವಿತ್ತು. "ನಾಳೆವರೆಗೆ ಮೂತ್ರ ಕೆಂಪಗೆ ಹೋಗ್ತದೆ. ಗಾಬರಿ ಆಗಬೇಡಿ, ಔಷಧಿಯ ಬಣ್ಣ ಅಷ್ಟೇ."

ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಕಾಶಮ್ಮನೂ ನಕ್ಕಳು.

ಮೆಟ್ಟಿಲಿಳಿಯುವಾಗ ಸುಮನಾಗೆ ಅದು ಹೊಳೆಯಿತು. ಕಾಶಮ್ಮನದು ಕೆಂಪಗಾಗುವುದಿಲ್ಲ, ಅವಳಿಗೆ ಗುಟ್ಟಾಗಿ ಹೇಳಬೇಕು. ಮತ್ತೆ ಮೇಲೆ ಹೋಗೋಣವೆಂದರೆ ಸುದರ್ಶನನ ಫೋನು. ಫೋಟೋ ತೆಗೆದಿರಾ, ಪಟ್ಟಿಗೆ ಸಹಿ ಹಾಕಿಸಿದಿರಾ, ಮೂರು ಗಂಟೆಯೊಳಗೆ ಕಳಿಸಿ. ಬಸ್ಸು ನಿಂತಿತ್ತು, ಹತ್ತಿದಳು. ಮನೆಗೆ ಬಂದು ಫೋನ್ ಮಾಡಿದಳು, ಕಾಶಮ್ಮ ಎತ್ತಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಳು. ಬೆಳಿಗ್ಗೆ ಏಳಕ್ಕೆ ತನ್ನದೇ ಕೆಂಪನ್ನು ಕಂಡು ಮತ್ತೆ ನೆನಪಾಗಿ ಫೋನ್ ಮಾಡಿದಳು. ನ್ಯೂ ಟೌನಿನ ಆ ಬೀದಿಯ ನಲ್ಲಿಗೆ ನೀರು ಬರುವುದು ಆರಕ್ಕೆ.

ನಡೆದದ್ದನ್ನು ಕಾಶಮ್ಮನೇ ಆಮೇಲೆ ಅವಳಿಗೆ ಹೇಳಿದಳು. ಹೆಂಗಸರು ಕೊಡ ಹಿಡಿದು ನಿಂತು ಅದೇ ಮಾತಾಡುತ್ತಿದ್ದರಂತೆ. ನಂದು ಬೀಟ್‌ರೂಟ್ ನೀರು, ನಂದು ರಸ್ನ, ನಮ್ಮನೆಯವರು ಗಾಬರಿಯಾಗಿ ಕೂಗಿಕೊಂಡರು. ಉಮಾಮಹೇಶ್ವರಿ ಕೇಳಿದಳಂತೆ: "ನಿಂದು ಹೇಗೆ ಕಾಶಮ್ಮ?" ಕಾಶಮ್ಮನಿಗೆ ರಾತ್ರಿಯಿಂದಲೇ ಅದೇ ಚಿಂತೆ. ತನಗೆ ಮಾತ್ರೆ ಹತ್ತಲಿಲ್ಲವೇನೋ ಎಂದು. ಕೇಳುವವರು ಸಿಕ್ಕಿದರೆಂದು ನಿಜ ಹೇಳಿದಳು: "ನಂದು ಹಳದಿ ಕಣೇ. ಅರಿಶಿನ ಕಲಸಿದ ಹಾಗೆ. ಯಾಕೋ ಏನೋ."

"ನಮ್ಮದೆಲ್ಲ ಕುಂಕುಮ, ನಿಂದೊಬ್ಬಳದು ಅರಿಶಿನ," ಎಂದಳು ಯಾರೋ. ಎಲ್ಲರೂ ನಕ್ಕರು. ಉಮಾಮಹೇಶ್ವರಿ ನಗಲಿಲ್ಲ. ಅವಳ ಕಣ್ಣು ಕಾಶಮ್ಮನ ಬೆರಳಿನ ತುದಿಯ ಮೇಲಿತ್ತು. ಬೆಂದು ಬೆಂದು ಹೊಳಪು ಬಂದಿದ್ದ ಆ ತುದಿ. ಸ್ವಲ್ಪ ಹೊತ್ತಿಗೆ ಉಳಿದವರೂ ಅಲ್ಲಿಗೇ ನೋಡಿದರು. ನಲ್ಲಿಯಲ್ಲಿ ಕೊಡ ತುಂಬಿ ಚೆಲ್ಲುತ್ತಿತ್ತು. ಅದು ಕಾಶಮ್ಮನ ಕೊಡ, ಯಾರೂ ಮುಟ್ಟಿ ಸರಿಸಲಿಲ್ಲ.

ಐದು ದಿನ ಬಿಟ್ಟು ಸುಮನಾ ಬಂದಾಗ ತಾರಸಿಯಲ್ಲಿ ಎಂದಿನಂತೆ ಹಪ್ಪಳ ನಡೆದಿತ್ತು. ಪರಾತದ ಮುಂದೆ ಉಮಾಮಹೇಶ್ವರಿ ಕೂತಿದ್ದಳು. ಕಾಶಮ್ಮ ಬಿಸಿಲಿನ ಆ ತುದಿಯಲ್ಲಿ, ಮುರಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತಲೆಗೆ ಟವೆಲ್ ಹೊದ್ದು, ಉದ್ದನೆಯ ಕೋಲು ಹಿಡಿದು ಕೂತಿದ್ದಳು. ಕೋಲಿನ ತುದಿಗೆ ಕಪ್ಪು ಬಟ್ಟೆ ಕಟ್ಟಿತ್ತು, ಕಾಗೆ ಓಡಿಸಲು.

"ಬನ್ನಿ ಮೇಡಂ," ಎಂದಳು ಉಮಾಮಹೇಶ್ವರಿ. "ಕಾಶಮ್ಮನಿಗೆ ಕೈ ನೋವಂತೆ. ಹನ್ನೊಂದು ವರ್ಷ ದುಡಿದಿದ್ದಾಳೆ, ಪಾಪ, ರೆಸ್ಟ್ ಕೊಟ್ಟಿದ್ದೀವಿ."

"ಕೈ ನೋವು ಅಂತ ಅವರು ಹೇಳಿದರಾ?"

"ಹೇಳಬೇಕಾ? ನಮಗೆ ಕಣ್ಣಿಲ್ವಾ?" ಉಮಾಮಹೇಶ್ವರಿ ಉಂಡೆ ಕಟ್ಟುತ್ತಲೇ ಹೇಳಿದಳು. ದನಿ ಮೃದುವಾಗಿತ್ತು. "ನಾವೇನು ಮನುಷ್ಯರಲ್ವಾ ಮೇಡಂ, ಬರಬೇಡ ಅಂದಿಲ್ಲ. ಕೂತಿರಲಿ. ಕಾಗೆ ಓಡಿಸೋಕೆ ಒಬ್ಬರು ಬೇಕೇ ಬೇಕು. ಕೋಲಿನ ಈ ಕಡೆ ಅವಳು, ಆ ಕಡೆ ಕಾಗೆ. ಹಪ್ಪಳಕ್ಕೆ ತೊಂದರೆ ಇಲ್ಲ."

ಲಟ್ಟಿಸುತ್ತಿದ್ದವರಲ್ಲಿ ಒಬ್ಬಳ ಭುಜ ನಗುವಿಗೆ ಅಲುಗಿತು.

ಸುಮನಾ ರೋಗದ ಬಗ್ಗೆ, ಹರಡುವ ಬಗ್ಗೆ ಹತ್ತು ನಿಮಿಷ ಮಾತಾಡಿದಳು. ಕಾಶಮ್ಮನ ಹೆಸರೆತ್ತಲಿಲ್ಲ, ಎತ್ತುವ ಹಾಗಿರಲಿಲ್ಲ. ಎಲ್ಲರೂ ಹೂಂಗುಟ್ಟಿದರು. ಅವಳು ಮುಗಿಸಿದ ಮೇಲೆ ಉಮಾಮಹೇಶ್ವರಿ ಕೇಳಿದಳು: "ನಾವು ಹನ್ನೊಂದು ವರ್ಷ ತಿಂದಿದ್ದೀವಿ. ಒಂದು ಸಲದ ಮಾತ್ರೆ ಸಾಕಾಗ್ತದಾ? ಇನ್ನೊಂದು ಸಲಕ್ಕೆ ಇದ್ದರೆ ಕೊಡಿ."

ಹಪ್ಪಳದ ಹದ ತಪ್ಪಿತ್ತು. ಒಣಗಿದವು ಅಂಚಿನಲ್ಲಿ ಸೀಳು ಬಿಟ್ಟಿದ್ದವು. ಕಾಶಮ್ಮ ಕುರ್ಚಿಯಲ್ಲಿ ಕೂತೇ ಅದನ್ನು ನೋಡುತ್ತಿದ್ದಳು. ಒಮ್ಮೆ, "ಹಿಟ್ಟು ಗಟ್ಟಿಯಾಯ್ತು, ಇನ್ನೊಂದಿಷ್ಟು ನೀರು ಚಿಮುಕಿಸಿ ನಾದು ಉಮಾ," ಎಂದಳು. ಯಾರೂ ಕೇಳಿಸಿಕೊಂಡಂತೆ ತೋರಲಿಲ್ಲ. ಕೋಟೆಯ ಅಂಗಡಿಗೆ ಆ ವರ್ಷ ಕಟ್ಟು ಹೋಗಲಿಲ್ಲ. ಚೀಟಿಯ ಮೇಲಿನ ಹೆಸರು ಬದಲಾಯಿಸಿದರೆ ಕೊಡುತ್ತೇವೆಂದು ಜ್ಞಾನೇಶನಿಗೆ ಹೇಳಿಕಳಿಸಿದ್ದರು.

ಅಸಲು ಮಾತ್ರೆ ಏಪ್ರಿಲ್ ಮೂರನೇ ವಾರ ಬಂತು. ಸುಮನಾ ಮೊದಲ ತಿಂಗಳ ಮಾತ್ರೆಯ ಪಟ್ಟಿಯನ್ನು ಕಾಶಮ್ಮನ ಮನೆಗೆ ತಂದಳು. ತಿಂಗಳಿಗೊಮ್ಮೆ ಮೂರೂ ಔಷಧಿಯನ್ನು ಎದುರಿಗೇ ನುಂಗಿಸಬೇಕು, ಉಳಿದವನ್ನು ದಿನಾ ಮನೆಯಲ್ಲಿ ತೆಗೆದುಕೊಳ್ಳಬೇಕು. ಕಾಶಮ್ಮ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಈ ಕೆಂಪಂದು ಅವತ್ತು ಅವರಿಗೆ ಕೊಟ್ಟಿದ್ದೇ ಅಲ್ವಾ?"

"ಹೌದು. ಮೂರರಲ್ಲಿ ಅದೂ ಒಂದು."

"ಇದನ್ನ ನುಂಗಿದರೆ ನನಗೂ ಕೆಂಪಗಾಗ್ತದೆ."

"ಆಗ್ತದೆ."

"ಇದು ಒಂದು ತಿಂಗಳು ಮೊದಲು ಬಂದಿದ್ದರೆ ಅವತ್ತು ನನಗೂ ಕೆಂಪಗೇ ಆಗ್ತಿತ್ತು."

ಸುಮನಾ ತಲೆಯಾಡಿಸಿದಳು.

ಕಾಶಮ್ಮ ಕೈಯಿಂದ ಎರಡು ಬಳೆ ಜಾರಿಸಿ ಪಟ್ಟಿಯ ಪಕ್ಕದಲ್ಲಿಟ್ಟಳು. ಚಿನ್ನದವು. "ಇಷ್ಟಾಗ್ತಿತ್ತಾ ಇದರ ಬೆಲೆ? ಇದಕ್ಕಿಂತ ಹೆಚ್ಚಾಗ್ತಿತ್ತಾ? ಹೇಳಿ."

"ಇಲ್ಲಮ್ಮ. ಇದಕ್ಕೆ ಬೆಲೆ ಇಲ್ಲ."

"ಬೆಲೆ ಇದ್ದಿದ್ದರೆ ಕೊಡ್ತಿದ್ದೆ." ಅವಳು ಬಳೆ ಮತ್ತೆ ತೊಟ್ಟುಕೊಂಡಳು. ಬಾಗಿದ ಕಿರುಬೆರಳು ಅಡ್ಡ ಬಂದು ಸ್ವಲ್ಪ ಹೊತ್ತು ಹಿಡಿಯಿತು. ಮಾತ್ರೆ ನುಂಗಿದಳು. ಆಮೇಲೆ ಸುಮನಾಳ ಮುಖ ನೋಡಿ ಹೇಳಿದಳು: "ಅವತ್ತು ಎಲ್ಲರ ಮುಂದೆ ಮೊದಲು ನೀವು ನುಂಗಿದಿರಿ. ನೋಡಿ ಅವರೂ ನುಂಗಿದರು. ಹಾಗೇ ಒಂದು ಸಲ ಎಲ್ಲರ ಮುಂದೆ ನನ್ನ ಕೈಯಿಂದ ತಿನ್ನಿ. ನಿಮ್ಮನ್ನ ನೋಡಿ ಅವರೂ ತಿಂತಾರೆ. ನನಗೆ ಅಷ್ಟು ಮಾಡಿಕೊಡಿ."

"ತಿಂತೀನಿ," ಎಂದಳು ಸುಮನಾ. ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ. ಎಷ್ಟೋ ರೋಗಿಗಳ ಮನೆಯಲ್ಲಿ ಕಾಫಿ ಕುಡಿದವಳು ಅವಳು.

ಬಸವ ಜಯಂತಿಗೆ ಎರಡು ದಿನ ಇತ್ತು. ಸುಮನಾ ಹೋಗಿ ಕೇಳಿದಾಗ ಉಮಾಮಹೇಶ್ವರಿ ಬೇಡವೆನ್ನಲಿಲ್ಲ. "ಬರಲಿ ಮಾರಾಯ್ತಿ, ನೋಡೋಣ," ಎಂದು ತಾನೇ ಗ್ಯಾಸಿನ ಸ್ಟವ್ ತಾರಸಿಗೆ ತರಿಸಿ ಬಾಣಲೆ ಇಡಿಸಿದಳು. ಹೆಂಗಸರು ಅರ್ಧಚಂದ್ರಾಕಾರವಾಗಿ ಕೂತರು. ಕಾಶಮ್ಮ ತಲೆಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅವಳೇ ಹಿಂದಿನ ವರ್ಷ ಹದ ನೋಡಿದ್ದ ಹಪ್ಪಳ, ಡಬ್ಬಿಯ ತಳದಲ್ಲಿ ಉಳಿದವು. ಒಂದನ್ನು ಎಣ್ಣೆಗೆ ಬಿಟ್ಟಳು. ಅದು ಹೂವಿನ ಹಾಗೆ ಅರಳಿತು. ಅಭ್ಯಾಸಬಲದಿಂದ ಅವಳ ಬೆರಳು ಬಾಣಲೆಯ ಕಡೆ ಹೋಯಿತು.

ಹೆಂಗಸರ ಕಣ್ಣೆಲ್ಲ ಆ ಬೆರಳಿನ ಮೇಲೆ ನೆಟ್ಟವು.

ಬೆರಳು ಹಿಂದಕ್ಕೆ ಬಂತು. ಕಾಶಮ್ಮ ಜಾಲರಿ ಸೌಟನ್ನು ತೆಗೆದುಕೊಂಡು, ಮೊದಲ ಸಲ ಹಿಡಿದವಳ ಹಾಗೆ ಅಡ್ಡಾದಿಡ್ಡಿ ಹಿಡಿದು, ಹಪ್ಪಳ ಎತ್ತಿದಳು. ಎಣ್ಣೆ ಬಸಿದು, ತಟ್ಟೆಗೆ ಹಾಕದೆ, ಕೈಯಲ್ಲೇ ಹಿಡಿದು ಸುಮನಾಳ ಮುಂದೆ ಚಾಚಿದಳು.

ಸುಮನಾ ತೆಗೆದುಕೊಂಡಳು. ಮುರಿದಳು. ಬಾಯಿಗೆ ಹಾಕಿಕೊಂಡು ಅಗಿದಳು. ಚೆನ್ನಾಗಿತ್ತು, ಜೀರಿಗೆ ಮುಂದಾಗಿ, ಹಗುರವಾಗಿ. ಹಾಗೆಂದು ಹೇಳಲು ಬಾಯಿ ತೆರೆದಳು.

"ಆ ಕಡೆ ಅಂಚು ಚೆನ್ನಾಗಿ ಬೆಂದಿದೆಯಾ ಮೇಡಂ?" ಎಂದಳು ಉಮಾಮಹೇಶ್ವರಿ.

ಸುಮನಾ ತನ್ನ ಕೈ ನೋಡಿಕೊಂಡಳು. ಕಾಶಮ್ಮ ಹಿಡಿದಿದ್ದ ಕಡೆಯ ಚೂರು ಹಾಗೇ ಕೈಯಲ್ಲಿತ್ತು. ತಿಂದದ್ದು ಆಚೆ ತುದಿಯದು. ಅಲ್ಲಿಂದ ಮುರಿಯಬೇಕೆಂದು ಅವಳು ಯೋಚಿಸಿರಲಿಲ್ಲ, ಕೈ ತಾನಾಗಿ ಅಲ್ಲಿಗೆ ಹೋಗಿತ್ತು. ಉಳಿದ ಚೂರನ್ನೂ ಬಾಯಿಗೆ ತುರುಕಿಕೊಂಡಳು. ಮಡಿಲಿಗೆ ಉದುರಿದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು. ಗಂಟಲಿಗೆ ಹತ್ತಿ ಕೆಮ್ಮು ಬಂತು.

"ಮೇಡಂಗೆ ನೀರು ಕೊಡ್ರೇ," ಎಂದಳು ಉಮಾಮಹೇಶ್ವರಿ. "ಪಾಪ, ಅವತ್ತು ಮಾತ್ರೆ ನೀರಿಲ್ಲದೆ ನುಂಗಿದ್ದರು."

ಈ ಸಲ ಯಾರೂ ಸೆರಗು ಅಡ್ಡ ಹಿಡಿಯಲಿಲ್ಲ. ಬಾಯಿ ತುಂಬ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದು, ಲಟ್ಟಣಿಗೆ ಮಣೆಗಳನ್ನು ನೆರಳಿಗೆ ಎಳೆದುಕೊಂಡರು. ಡಬ್ಬಿಯಲ್ಲಿದ್ದ ಉಳಿದ ಹಪ್ಪಳವನ್ನು ಯಾರೂ ಮುಟ್ಟಲಿಲ್ಲ.

ಕಾಶಮ್ಮ ಸ್ಟವ್ ಆರಿಸಿದಳು. ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿಟ್ಟು, ತಾರಸಿಯ ಆ ತುದಿಗೆ ನಡೆದು, ಕುರ್ಚಿಯ ಮೇಲೆ ಕೂತು ಕೋಲು ಎತ್ತಿಕೊಂಡಳು. ಸುಮನಾ ಹಿಂದೆಯೇ ಹೋಗಿ ಬಿಸಿಲಲ್ಲಿ ನಿಂತಳು.

"ಮುಂದಿನ ತಿಂಗಳು ಮಾತ್ರೆ ತರ್ತೀರಲ್ಲ?" ಎಂದಳು ಕಾಶಮ್ಮ. ಅವಳ ಕಣ್ಣು ಹಪ್ಪಳದ ಸಾಲಿನ ಮೇಲಿತ್ತು.

"ತರ್ತೀನಿ ಅಮ್ಮಾ."

"ಬಾಗಿಲ ಹತ್ರ ಇಟ್ಟು ಹೋಗಿ."

"ಎದುರಿಗೆ ನುಂಗಿಸಬೇಕು ಅಂತ ರೂಲ್ಸ್ ಇದೆ. ನಾನು ನೋಡಬೇಕು."

ಕಾಗೆಯೊಂದು ಕಟ್ಟೆಯ ಮೇಲೆ ಬಂದು ಕೂತಿತು. ಕಾಶಮ್ಮ ಕೋಲು ಬೀಸಿದಳು. ಕಪ್ಪು ಬಟ್ಟೆ ಸುಮನಾಳ ಮುಖದ ಮುಂದೆ ಹಾದುಹೋಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನೋಡಿ," ಎಂದಳು ಕಾಶಮ್ಮ. "ಹೊಸ್ತಿಲಾಚೆ ನಿಂತೇ ನೋಡಿ."